ಕೆರೆಗೋಡು ಹೊಲ ಸೇರುವ ಮುನ್ನ

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಹೂಳನ್ನು, ಅಂದರೆ ಗೋಡನ್ನು, ಹೊಲಕ್ಕೆ ಹೊಡೆಯುವುದು ಹಳೆ ಮೈಸೂರು ಸೀಮೆಯ ರೈತರಿಗೆ ಹೊಸದಲ್ಲ. ಆದರೆ ಒಂದೇ ಕೆರೆಯ ಗೋಡು ಒಬ್ಬರ ಹೊಲಕ್ಕೆ ಸಾರವಾಗಿ, ಇನ್ನೊಬ್ಬರಿಗೆ ಬರೀ ಮರಳಾಗುವುದುಂಟು. ಹಾಸನದ ಬಳಿಯ ಶಾಂತಿಗ್ರಾಮದ ಸುತ್ತ ಕೆರೆ ಹೂಳೆತ್ತುವವರು ಅದರ ರಸಾಯನವನ್ನು ಸ್ವಲ್ಪ ತಿಳಿದಿದ್ದರೆ ಟ್ರ್ಯಾಕ್ಟರ್ ಬಾಡಿಗೆ ವ್ಯರ್ಥವಾಗದು.

ಹೂಳಿನ ಹುಟ್ಟು

ಗೊರೂರು ಸುತ್ತಲಿನ ನೈಸ್ ಶಿಲೆಗಳಿಗೆ ಸುಮಾರು 330 ಕೋಟಿ ವರ್ಷ ವಯಸ್ಸು. ಕರ್ನಾಟಕದ ಅತಿ ಹಳೆಯ ಕಲ್ಲುಗಳ ಸಾಲಿಗೆ ಇವು ಸೇರುತ್ತವೆ. ಇಂಥ ಕಲ್ಲು ಮಳೆನೀರಿಗೆ ಸವೆಯುವಾಗ ಸೋಡಿಯಂ, ಕ್ಯಾಲ್ಸಿಯಂ ಕರಗಿ ಹರಿದುಹೋಗುತ್ತವೆ. ಬೆಣಚುಕಲ್ಲಿನ ಹರಳು ಮರಳಾಗುತ್ತದೆ, ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಕಬ್ಬಿಣ ತುಕ್ಕಾಗಿ ಕೆಮ್ಮಣ್ಣಿಗೆ ಬಣ್ಣ ಕೊಡುತ್ತದೆ. ಜೋರು ಮಳೆಗೆ ಹೊಲದಿಂದ ಸುಲಭವಾಗಿ ಕೊಚ್ಚಿಹೋಗುವುದು ನುಣುಪು ಜೇಡಿ ಮತ್ತು ಸಾವಯವ ಅಂಶ. ಸಾರವನ್ನೂ ತೇವವನ್ನೂ ಹಿಡಿದಿಡುವುದು ಅವೇ. ಹೀಗೆ ಹೊಲ ಕಳೆದುಕೊಂಡದ್ದು ಕೆರೆಯಲ್ಲಿ ಕೂಡಿರುತ್ತದೆ.

ಹಳ್ಳ ಕೆರೆಗೆ ಇಳಿಯುವ ಕಡೆ ನೀರಿನ ವೇಗ ತಗ್ಗಿ ಮರಳು ಕೂರುತ್ತದೆ. ಜೇಡಿ ತೇಲಿಕೊಂಡು ಹೋಗಿ ಏರಿಯ ಕಡೆಯ ಆಳದಲ್ಲಿ ನಿಲ್ಲುತ್ತದೆ. ಗೋಡಿನ ಸಾರ ಹೆಚ್ಚಿರುವುದು ಅಲ್ಲೇ.

ಕಪ್ಪು ಕೆಸರಿನೊಳಗೆ

ತಳದಲ್ಲಿ ಪಾಚಿ, ಜೊಂಡು ಕೊಳೆಯುವಾಗ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಮುಗಿಸುತ್ತವೆ. ಆಮೇಲೆ ನೈಟ್ರೇಟ್, ಅದೂ ಮುಗಿದರೆ ಕಬ್ಬಿಣದ ತುಕ್ಕು, ಕೊನೆಗೆ ಸಲ್ಫೇಟ್ ಬಳಸಿ ಬದುಕುತ್ತವೆ. ಆಗ ಹುಟ್ಟುವ ಹೈಡ್ರೋಜನ್ ಸಲ್ಫೈಡಿನಿಂದಲೇ ಕೊಳೆತ ಮೊಟ್ಟೆಯ ವಾಸನೆ. ಅದು ಕಬ್ಬಿಣದೊಡನೆ ಸೇರಿದರೆ ಕೆಸರು ಕಪ್ಪಾಗುತ್ತದೆ. ತುಕ್ಕಿಗೆ ಅಂಟಿಕೊಂಡಿದ್ದ ರಂಜಕ ಈ ಹೊತ್ತಿನಲ್ಲಿ ಕಳಚಿ ನೀರು ಸೇರಿ ಮತ್ತೆ ಪಾಚಿ ಬೆಳೆಸುತ್ತದೆ. ಚರಂಡಿ ನೀರು ನಿಲ್ಲಿಸಿದ ಮೇಲೂ ಕೆಲವು ಕೆರೆಗಳು ಹಸಿರಾಗಿಯೇ ಇರುವುದಕ್ಕೆ ಇದು ದೊಡ್ಡ ಕಾರಣ. ಆದ್ದರಿಂದ ಹೂಳೆತ್ತಿದರೆ ಕೆರೆಗೂ ಲಾಭ, ಹೊಲಕ್ಕೂ ಲಾಭ.

ಮಾಡುವ ಕ್ರಮ

ಕೆಸರು ಬಿರುಕು ಬಿಟ್ಟು ಒಣಗಿದ ಮೇಲೆ ತೆಗೆಯಿರಿ. ಗಾಳಿ ಆಡಿದರೆ ಕಬ್ಬಿಣ ಮತ್ತೆ ತುಕ್ಕಾಗುತ್ತದೆ, ಕೆಟ್ಟ ವಾಸನೆ ಹೋಗುತ್ತದೆ.

ಒಂದು ಹಿಡಿ ಮಣ್ಣನ್ನು ನೆನೆಸಿ ಅಂಗೈಯಲ್ಲಿ ಹೊಸೆಯಿರಿ. ಉದ್ದ ಎಳೆಯಾದರೆ ಜೇಡಿ ಹೆಚ್ಚು, ಮುರಿದು ಉದುರಿದರೆ ಮರಳು ಹೆಚ್ಚು. ಮರಳುಮಿಶ್ರಿತ ಕೆಂಪು ಹೊಲಕ್ಕೆ ಜೇಡಿಗೋಡು ಒಳ್ಳೆಯದು. ಈಗಾಗಲೇ ನೀರು ಬಸಿಯದ ಜಮೀನಿಗೆ ಬೇಡ.

ಹಲವು ಜಾಗಗಳಿಂದ ತೆಗೆದ ಮಣ್ಣನ್ನು ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಡಿ. ಹಾಸನದ ಬಳಿ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಬಹುದು.

ಊರ ಚರಂಡಿ ಸೇರುವ ಕೆರೆಯಾದರೆ ಸೀಸ, ಸತುವನ್ನೂ ಅಳೆಸಿ. ಇವು ಜೇಡಿಗೇ ಅಂಟುತ್ತವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ, ಬೈರಾಪುರದ ಕಡೆ ಕ್ರೋಮೈಟ್ ಇರುವ ಶಿಲೆಗಳಿವೆ. ಅಲ್ಲಿ ಕಲ್ಲಿನಿಂದಲೇ ಮಣ್ಣಿಗೆ ಕ್ರೋಮಿಯಂ ಬರುತ್ತದೆ. ಹಾಗಾಗಿ ಹೂಳಿನ ಅಂಕಿಯನ್ನು ಅದೇ ಸೀಮೆಯ ಹೊಲದ ಮಣ್ಣಿನ ಅಂಕಿಯೊಡನೆ ಹೋಲಿಸಿಯೇ ತೀರ್ಮಾನಿಸಬೇಕು.

ಅಗೆಯುವ ಮೊದಲು ಪಂಚಾಯಿತಿಯ ಅನುಮತಿ ಕೇಳಿ. ಹೂಳಿನ ಕೆಳಗಿನ ಗಟ್ಟಿ ತಳ ಕೀಳಬೇಡಿ, ಏರಿಯ ಬುಡ ಮುಟ್ಟಬೇಡಿ. ತಳ ಒಡೆದರೆ ಮುಂದಿನ ಮಳೆಯ ನೀರು ಕೆರೆಯಲ್ಲಿ ನಿಲ್ಲದು.