ಮಗಳ ಕಂಪ್ಯೂಟರ್, ಅಪ್ಪನ ಚೀಟಿ ದುಡ್ಡು

ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮನೆಗೆ ಹೊರಟಿದ್ದೆ. ಆಫೀಸಿನ ಕಾರು ಓಡಿಸುವ ನಮ್ಮ ಡ್ರೈವರ್ ಸಿಗ್ನಲ್‌ನಲ್ಲಿ ಗಾಡಿ ನಿಲ್ಲಿಸಿ, ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಹಿಂದಕ್ಕೆ ಚಾಚಿದರು. "ಸರ್, ಇದೊಂಚೂರು ನೋಡ್ತೀರಾ? ಮಗಳ ಕಂಪ್ಯೂಟರ್‌ದು."

ಎಸ್.ಪಿ. ರೋಡಿನ ಅಂಗಡಿಯೊಂದರ ಕೊಟೇಶನ್. ಒಟ್ಟು ಮೊತ್ತ 1,40,000 ರೂಪಾಯಿ. ಎರಡು ವರ್ಷ ಕಟ್ಟಿದ ಚೀಟಿ ಎತ್ತಿದ್ದಾರೆ, ಸಾಲದ್ದಕ್ಕೆ ಹೆಂಡತಿಯ ಓಲೆ ಅಡವಿಟ್ಟಿದ್ದಾರೆ. ಮಗಳು ಅನಿಮೇಷನ್ ಓದುತ್ತಿದ್ದಾಳೆ. ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪ್ ಹತ್ತು ಸೆಕೆಂಡಿನ ದೃಶ್ಯಕ್ಕೆ ರಾತ್ರಿಯಿಡೀ ತಗೊಳ್ಳುತ್ತೆ. ತಮ್ಮನಿಗೆ ಗೇಮ್ ಹುಚ್ಚು. "ಹಗಲು ಅಕ್ಕ ಕೆಲಸ ಮಾಡ್ಲಿ, ಸಂಜೆ ತಮ್ಮ ಆಡ್ಲಿ ಅಂತ ಒಂದೇ ತಗೋತಿದ್ದೀವಿ ಸರ್. ಅಂಗಡಿಯವರು ಇದೇ ಟಾಪ್ ಅಂದ್ರು."

ನನಗೆ ಏನು ಗೊತ್ತು? ಕ್ಯಾಮೆರಾ ಮುಂದೆ ಕೂತು ಮಾತಾಡೋದು ಗೊತ್ತು. ಮರುದಿನ ಆ ಕಾಗದವನ್ನು ನಮ್ಮ ಎಡಿಟ್ ರೂಮಿಗೆ ಕೊಂಡೊಯ್ದೆ. ಇಪ್ಪತ್ತು ವರ್ಷದಿಂದ ವಿಡಿಯೋ ಕತ್ತರಿಸುತ್ತಿರುವ ನಮ್ಮ ಹಿರಿಯ ಎಡಿಟರ್ ಕನ್ನಡಕ ಏರಿಸಿ ಓದಿದರು. ಕೆಂಪು ಪೆನ್ನು ತಗೊಂಡು ಐದು ಕಡೆ ಸುತ್ತು ಹಾಕಿದರು. "ದುಡ್ಡು ಸರಿಯಾಗಿದೆ. ಹಾಕಿರೋ ಜಾಗ ಸರಿಯಿಲ್ಲ" ಅಂದರು. ಆ ಐದು ಸುತ್ತುಗಳ ಕಥೆಯನ್ನೇ ಇವತ್ತು ನಿಮಗೆ ಹೇಳ್ತೀನಿ. ಯಾಕಂದ್ರೆ ಇಂಥ ಕಾಗದ ಹಿಡಿದುಕೊಂಡ ಅಪ್ಪ-ಅಮ್ಮಂದಿರು ಈ ರಾಜ್ಯದಲ್ಲಿ ಒಬ್ಬಿಬ್ಬರಲ್ಲ.

ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ. ಅದು 2012ರಲ್ಲಿ. ಈಗ 2024ರಿಂದ 2029ರವರೆಗಿನ ಹೊಸ ನೀತಿ ಜಾರಿಯಲ್ಲಿದೆ. ಅವಕಾಶ ಇದೆ, ಕೆಲಸ ಇದೆ, ಮಕ್ಕಳೂ ಆ ಕಡೆ ಹೋಗುತ್ತಿದ್ದಾರೆ. ಆದರೆ ನೀತಿ ಸರ್ಕಾರದ್ದು, ಸಾಲ ಮನೆಯವರದ್ದು. ಕಂಪ್ಯೂಟರ್ ತಪ್ಪಾಗಿ ಕೊಂಡರೆ ಸರ್ಕಾರ ಬಂದು ಬದಲಾಯಿಸಿ ಕೊಡಲ್ಲ.

ಮೊದಲು ಒಂದು ಮದುವೆ ಮನೆಯ ಅಡುಗೆ ನೆನಪು ಮಾಡಿಕೊಳ್ಳಿ. ಪ್ರೊಸೆಸರ್ ಅಂದರೆ ಮುಖ್ಯ ಭಟ್ಟರು. ಯಾವುದು ಮೊದಲು, ಯಾವುದು ಆಮೇಲೆ ಅಂತ ತೀರ್ಮಾನ ಮಾಡುವವರು. ಗ್ರಾಫಿಕ್ಸ್ ಕಾರ್ಡ್ ಅಂದರೆ ಸಾಲಾಗಿ ಕೂತು ಹೋಳಿಗೆ ತಟ್ಟುವ ಸಾವಿರಾರು ಕೈಗಳು. ಒಂದೇ ಥರದ ಸಣ್ಣ ಕೆಲಸವನ್ನು ಒಟ್ಟಿಗೆ, ರಾಶಿ ರಾಶಿ ಮಾಡಿ ಮುಗಿಸುತ್ತವೆ. ರ‍್ಯಾಮ್ ಅಂದರೆ ಅಡುಗೆ ಕಟ್ಟೆ. ಈಗ ಬೇಕಾದ ಸಾಮಾನೆಲ್ಲ ಅದರ ಮೇಲಿರಬೇಕು. ಎಸ್‌ಎಸ್‌ಡಿ ಅಂದರೆ ಉಗ್ರಾಣ. ಪವರ್ ಸಪ್ಲೈ ಅಂದರೆ ಒಲೆಗೆ ಬರುವ ಗ್ಯಾಸು. ಇಡೀ ಮದುವೆಗೆ ಒಬ್ಬರೇ ಮಹಾ ಭಟ್ಟರನ್ನು ಕರೆಸಿ, ಹೋಳಿಗೆ ತಟ್ಟೋಕೆ ಇಬ್ಬರನ್ನು ಇಟ್ಟರೆ ಏನಾಗುತ್ತೆ? ಪಂಕ್ತಿ ಎದ್ದು ಹೋಗುತ್ತೆ. ಡ್ರೈವರ್ ಕೈಲಿದ್ದ ಕೊಟೇಶನ್ನಿನಲ್ಲಿ ಆಗಿದ್ದು ಇದೇ.

ಮೊದಲನೇ ಸುತ್ತು ಪ್ರೊಸೆಸರ್‌ಗೆ. ಇಂಟೆಲ್‌ನ 14ನೇ ಪೀಳಿಗೆಯ ಐ9 ಹಾಕಿದ್ದರು, ಅದಕ್ಕೆ ತಕ್ಕ ಲಿಕ್ವಿಡ್ ಕೂಲರ್ ಬೇರೆ. ಶಕ್ತಿಶಾಲಿ ಚಿಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗಳು ಬಳಸುವುದು ಬ್ಲೆಂಡರ್. ಅದರಲ್ಲಿ ದೃಶ್ಯವನ್ನು ರೆಂಡರ್ ಮಾಡುವ ಭಾರವನ್ನು ಗ್ರಾಫಿಕ್ಸ್ ಕಾರ್ಡಿಗೇ ಹೊರಿಸಬಹುದು. ತಮ್ಮನ ಗೇಮ್‌ಗಳೂ ಹೆಚ್ಚಾಗಿ ಕಾರ್ಡ್ ಮೇಲೇ ನಿಂತಿವೆ. ಅಂದ ಮೇಲೆ ದುಡ್ಡಿನ ದೊಡ್ಡ ಪಾಲು ಭಟ್ಟರಿಗೆ ಯಾಕೆ?

ಇನ್ನೊಂದು ವಿಷಯ. ಆ ಚಿಪ್ ಹೆಸರಿನ ಕೊನೆಗೆ 'ಎಫ್' ಅಂತ ಒಂದಕ್ಷರ ಇತ್ತು. ಇಂಟೆಲ್ ಚಿಪ್‌ಗಳಲ್ಲಿ 'ಎಫ್' ಇದ್ದರೆ ಒಳಗೆ ಚಿತ್ರ ತೋರಿಸುವ ಭಾಗ ಇಲ್ಲ ಅಂತ ಅರ್ಥ. ನಾಳೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟು ಸರ್ವೀಸಿಗೆ ಹೋಯಿತು ಅಂದುಕೊಳ್ಳಿ. ಅದು ವಾಪಸ್ ಬರುವ ತನಕ ಪರದೆ ಕಪ್ಪು, ಕೆಲಸ ಬಂದ್. ಸ್ವಲ್ಪ ಉಳಿಸಲು ಹೋಗಿ ಪರೀಕ್ಷೆಯ ಹೊತ್ತಿಗೆ ಮಗಳು ಕೈಕಟ್ಟಿ ಕೂರಬೇಕು. ಜೊತೆಗೆ, 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ವೋಲ್ಟೇಜ್ ಹೆಚ್ಚಾಗಿ ಅಸ್ಥಿರವಾಗುತ್ತಿವೆ ಅಂತ 2024ರಲ್ಲಿ ಇಂಟೆಲ್ ಕಂಪನಿಯೇ ಒಪ್ಪಿಕೊಂಡು, ತಿದ್ದುಪಡಿ ಬಿಡುಗಡೆ ಮಾಡಿತು. ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಈಗಾಗಲೇ ನಿಮ್ಮ ಮನೆಯಲ್ಲಿ ಅಂಥ ಚಿಪ್ ಇದ್ದರೆ ಹೆದರಬೇಡಿ, ಮದರ್‌ಬೋರ್ಡ್‌ನ ಬಯೋಸ್ ಅಪ್‌ಡೇಟ್ ಆಗಿದೆಯಾ ಅಂತ ಮಾತ್ರ ನೋಡಿಸಿ.

ನಮ್ಮ ಎಡಿಟರ್ ಬರೆದದ್ದು ಎಂಟು ಕೋರ್‌ಗಳ ಎಎಂಡಿ ರೈಜನ್ 7. ಕಾರಣ ಸರಳ. ಆ ಚಿಪ್ ಕೂರುವ ಎಎಂ5 ಸಾಕೆಟ್ ಬಂದಿದ್ದು 2022ರಲ್ಲಿ. 2027ರವರೆಗಾದರೂ ಅದಕ್ಕೆ ಬೆಂಬಲ ಕೊಡ್ತೀವಿ ಅಂತ ಕಂಪನಿ ಹೇಳಿದೆ. ಮೂರು ವರ್ಷ ಬಿಟ್ಟು ಮಗಳು ಸಂಪಾದನೆ ಶುರು ಮಾಡಿದಾಗ, ಬೋರ್ಡ್ ಹಾಗೇ ಇಟ್ಟುಕೊಂಡು ಚಿಪ್ ಮಾತ್ರ ಬದಲಾಯಿಸಬಹುದು. ಇನ್ನು ನಿಮ್ಮ ಮನೆಯಲ್ಲಿ ಬರೀ ಗೇಮ್ ಆಡುವವರೇ ಇದ್ದರೆ, ಅದೇ ಎಎಂಡಿಯಲ್ಲಿ ಹೆಸರಿನ ಕೊನೆಗೆ 'ಎಕ್ಸ್3ಡಿ' ಇರುವ ಚಿಪ್‌ಗಳಿವೆ. ಅವುಗಳಲ್ಲಿ ಪ್ರೊಸೆಸರ್ ಮೈಮೇಲೇ ಹೆಚ್ಚು ಕ್ಯಾಶ್ ಮೆಮೊರಿ ಇರುತ್ತೆ. ಗೇಮ್‌ಗಳಿಗೆ ಅದು ತುಂಬಾ ಉಪಯೋಗ.

ಎರಡನೇ ಸುತ್ತು ಗ್ರಾಫಿಕ್ಸ್ ಕಾರ್ಡಿಗೆ. ಆರ್‌ಟಿಎಕ್ಸ್ 5060, 8 ಜಿಬಿ. ಇಲ್ಲಿ ಜನ ಹೆಸರು ನೋಡ್ತಾರೆ, ಮೆಮೊರಿ ನೋಡಲ್ಲ. ರೆಂಡರ್ ಮಾಡುವಾಗ ಇಡೀ ದೃಶ್ಯ, ಅಂದರೆ ಮನೆ, ಮರ, ಬಟ್ಟೆಯ ಮಡಿಕೆ, ಬೆಳಕು ಎಲ್ಲ ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಹಿಡಿಸಬೇಕು. ಹಿಡಿಸದಿದ್ದರೆ ಕೆಲಸ ಆಮೆಯಾಗುತ್ತೆ, ಇಲ್ಲವೇ ಅರ್ಧಕ್ಕೇ ನಿಲ್ಲುತ್ತೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ನೋಡಿ. ಒಂದೇ ಹೆಸರಿನಲ್ಲಿ 8 ಜಿಬಿಯದ್ದೂ ಇದೆ, 16 ಜಿಬಿಯದ್ದೂ ಇದೆ. ಡಬ್ಬದ ಮೇಲಿನ ಈ ಒಂದು ಅಂಕಿ ಓದದೆ ದುಡ್ಡು ಕೊಡಬೇಡಿ. ಮಗಳಿಗೆ ನಾವು ಬರೆದುಕೊಟ್ಟದ್ದು 16 ಜಿಬಿಯದ್ದು. ಎನ್‌ವಿಡಿಯಾ ಯಾಕೆ ಅಂತ ಕೇಳಬಹುದು. ಬ್ಲೆಂಡರ್‌ನಂಥ ಕೆಲಸದಲ್ಲಿ ಅದಕ್ಕೆ ಬೆಂಬಲ ಚೆನ್ನಾಗಿದೆ. ಬರೀ ಗೇಮ್‌ಗಾದರೆ ಎಎಂಡಿ ಕಾರ್ಡ್‌ಗಳನ್ನೂ ಧಾರಾಳವಾಗಿ ನೋಡಿ.

ಮೂರನೇ ಸುತ್ತು ರ‍್ಯಾಮ್‌ಗೆ. 16 ಜಿಬಿಯ ಒಂದೇ ಸ್ಟಿಕ್ ಹಾಕಿದ್ದರು. ಇವತ್ತಿನ ಕಂಪ್ಯೂಟರ್‌ಗಳು ಎರಡು ದಾರಿಯಲ್ಲಿ ಮೆಮೊರಿ ಜೊತೆ ಮಾತಾಡುತ್ತವೆ. ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿ ಖಾಲಿ. ಎರಡು ಪಥದ ರಸ್ತೆ ಕಟ್ಟಿ ಒಂದಕ್ಕೆ ಬ್ಯಾರಿಕೇಡ್ ಹಾಕಿದ ಹಾಗೆ. ಅನಿಮೇಷನ್ ಮತ್ತು ಎಡಿಟಿಂಗ್‌ಗೆ 32 ಜಿಬಿ ಬೇಕು, ಅದೂ 16ರ ಜೋಡಿ.

ಇಲ್ಲಿ ಒಂದು ಬಿಸಿ ಸುದ್ದಿ ಇದೆ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟು ದಾಟಿತು. ಯಾಕೆ ಗೊತ್ತಾ? ಜಗತ್ತಿನ ಮೆಮೊರಿ ಚಿಪ್‌ಗಳನ್ನು ಮುಖ್ಯವಾಗಿ ತಯಾರಿಸುವುದು ಮೂರೇ ಕಂಪನಿಗಳು. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳು ಹೆಚ್ಚು ದುಡ್ಡು ಕೊಟ್ಟು ಮೆಮೊರಿ ಬಾಚಿಕೊಳ್ಳುತ್ತಿವೆ. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ 'ಕ್ರೂಶಿಯಲ್' ವ್ಯವಹಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಅಂದರೆ ನಾವು ನೀವು ಮೊಬೈಲ್‌ನಲ್ಲಿ ಎಐಗೆ ಕೇಳುವ ಪ್ರಶ್ನೆಗೂ, ನಮ್ಮ ಡ್ರೈವರ್ ಹೆಂಡತಿಯ ಓಲೆಗೂ ಸಂಬಂಧ ಇದೆ! ಬೆಲೆ ಇಳಿಯಲಿ ಅಂತ ಕಾಯಬಹುದಲ್ಲ ಅಂತೀರಾ? ಮಗಳ ಕೋರ್ಸ್ ಕಾಯಲ್ಲ. ಅದಕ್ಕೇ ಬೇರೆ ಕಡೆ ಉಳಿಸಿ ಇಲ್ಲಿ ಹಾಕಬೇಕು.

ಬೇರೆ ಕಡೆ ಅಂದರೆ ಎಲ್ಲಿ? ನಾಲ್ಕನೇ ಸುತ್ತು ಅದಕ್ಕೇ. ಗಾಜಿನ ಕ್ಯಾಬಿನೆಟ್, ಬಣ್ಣ ಬದಲಿಸುವ ಆರು ಫ್ಯಾನು, 9,000 ರೂಪಾಯಿ. ನೋಡೋಕೆ ಗಣೇಶೋತ್ಸವದ ಪೆಂಡಾಲ್ ಥರ ಇರುತ್ತೆ. ಮಕ್ಕಳಿಗೆ ಇಷ್ಟ, ನಿಜ. ಆದರೆ ಲೈಟಿನಿಂದ ಒಂದು ಫ್ರೇಮ್ ಕೂಡ ಬೇಗ ರೆಂಡರ್ ಆಗಲ್ಲ. ಕ್ಯಾಬಿನೆಟ್‌ನಲ್ಲಿ ನೋಡಬೇಕಾದದ್ದು ಮುಂಭಾಗದಲ್ಲಿ ಗಾಳಿ ಹೋಗುವ ಜಾಲರಿ ಇದೆಯಾ, ಧೂಳಿನ ಫಿಲ್ಟರ್ ಬಿಚ್ಚಿ ತೊಳೆಯಬಹುದಾ ಅನ್ನುವುದು. ಅರ್ಧ ಬೆಲೆಗೆ ಅಂಥದ್ದು ಸಿಗುತ್ತೆ.

ಐದನೇ ಸುತ್ತಿನ ಕೆಳಗೆ ಎಡಿಟರ್ ಎರಡು ಗೆರೆ ಎಳೆದಿದ್ದರು. ಪವರ್ ಸಪ್ಲೈ. "600 ವ್ಯಾಟ್, 1,800 ರೂಪಾಯಿ" ಅಂತಷ್ಟೇ ಇತ್ತು. ಯಾವ ಕಂಪನಿ, ಯಾವ ಮಾಡೆಲ್, ಏನೂ ಇಲ್ಲ. ಫ್ಯಾನು-ಲೈಟಿಗೆ ಕೊಟ್ಟ ದುಡ್ಡಿನಲ್ಲಿ ಐದನೇ ಒಂದು ಭಾಗ! ಇದರ ಬಗ್ಗೆ ನನಗೂ ಅನುಭವ ಇದೆ. ವರ್ಷಗಳ ಹಿಂದೆ ನಮ್ಮ ಮನೆಯ ಕಂಪ್ಯೂಟರ್‌ಗೆ ಹೀಗೇ ಅಗ್ಗದ್ದೊಂದು ಹಾಕಿಸಿದ್ದೆ. ಒಂದು ಮಳೆಗಾಲದ ಸಂಜೆ ಕರೆಂಟ್ ಹೋಗಿ ಬಂತು, ಟಪ್ ಅಂತ ಸದ್ದು, ಸುಟ್ಟ ವಾಸನೆ. ತಾನೊಂದೇ ಹೋಗಲಿಲ್ಲ, ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯಿತು. ಮಗನ ಫೋಟೋಗಳಿದ್ದ ಹಾರ್ಡ್‌ಡಿಸ್ಕೂ ಹೋಯಿತು. ಬೋರ್ಡ್ ಮತ್ತೆ ಕೊಂಡೆ. ಫೋಟೋಗಳನ್ನು ಎಲ್ಲಿ ಕೊಳ್ಳಲಿ?

ಡಬ್ಬದ ಮೇಲೆ '80 ಪ್ಲಸ್' ಬ್ರಾಂಜ್, ಗೋಲ್ಡ್ ಅಂತ ಮುದ್ರೆ ಇರುತ್ತೆ. ಅದು ವಿದ್ಯುತ್ ಎಷ್ಟು ಕಡಿಮೆ ಪೋಲಾಗುತ್ತೆ ಅನ್ನುವುದರ ಅಳತೆ. ಅದರ ಜೊತೆಗೆ ಹೆಸರಿರುವ ಕಂಪನಿ, ಐದು ವರ್ಷವಾದರೂ ವಾರಂಟಿ, ಇವೆರಡನ್ನೂ ನೋಡಿ. ಮನೆಗೆ ಯುಪಿಎಸ್ ತರುವಾಗಲೂ ಮೋಸ ಹೋಗಬೇಡಿ. 600 ವಿಎ ಅಂತ ಬರೆದಿರುವ ಸಾಮಾನ್ಯ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್ ಮಾತ್ರ. ರೆಂಡರ್ ಓಡುವಾಗ ಕರೆಂಟ್ ಹೋದರೆ ಅದು ಭಾರ ತಡೆಯದೆ ಕೈಕೊಡಬಹುದು. ಇಂಥ ಕಂಪ್ಯೂಟರ್‌ಗೆ 1000 ವಿಎಗಿಂತ ಕಡಿಮೆಯದು ಬೇಡ.

ಇಷ್ಟು ಬದಲಾಯಿಸಿದ ಮೇಲೆ ಎಡಿಟರ್ ಕೂಡಿ ನೋಡಿದರು. ಐ9 ಹೋಯಿತು, ಲಿಕ್ವಿಡ್ ಕೂಲರ್ ಹೋಯಿತು, ಪೆಂಡಾಲ್ ಲೈಟು ಹೋಯಿತು. ಕಾರ್ಡಿನ ಮೆಮೊರಿ ದುಪ್ಪಟ್ಟಾಯಿತು, ರ‍್ಯಾಮ್ ದುಪ್ಪಟ್ಟಾಯಿತು, ಪವರ್ ಸಪ್ಲೈಗೆ ಒಂದು ಹೆಸರು ಬಂತು. ಒಟ್ಟು ಮೊತ್ತ ಹೆಚ್ಚುಕಡಿಮೆ ಅಷ್ಟೇ.

ಇನ್ನು ಅಂಗಡಿಯಲ್ಲಿ ಕೊನೆಗೆ ಬರುವ ಮಾತು: "ಬಿಲ್ ಬೇಡ ಅಂದ್ರೆ ಇನ್ನೂ ಕಡಿಮೆ ಮಾಡ್ತೀವಿ." ಕಂಪ್ಯೂಟರ್ ಬಿಡಿಭಾಗಗಳ ಮೇಲೆ ಶೇ. 18ರಷ್ಟು ಜಿಎಸ್‌ಟಿ ಇದೆ. ಆಸೆ ಆಗುತ್ತೆ, ಸಹಜ. ಆದರೆ ಜೋಡಿಸಿದ ಕಂಪ್ಯೂಟರ್‌ಗೆ ಒಂದೇ ವಾರಂಟಿ ಇರಲ್ಲ. ಕಾರ್ಡಿಗೆ ಒಂದು, ಬೋರ್ಡಿಗೆ ಒಂದು, ಎಸ್‌ಎಸ್‌ಡಿಗೆ ಇನ್ನೊಂದು. ಕೆಟ್ಟಾಗ ಕಂಪನಿ ಕೇಳುವುದು ಬಿಲ್ ಮತ್ತು ಸೀರಿಯಲ್ ನಂಬರ್. ಎರಡೂ ಇಲ್ಲದಿದ್ದರೆ ನಿಮ್ಮ ಮಾತು ಯಾರೂ ಕೇಳಲ್ಲ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸಿ, ಡಬ್ಬಗಳನ್ನು ಅಟ್ಟಕ್ಕೆ ಹಾಕಿ, ಗುಜರಿಗೆ ಹಾಕಬೇಡಿ.

ಮನೆಗೆ ತಂದ ಮೇಲೆ ಮೂರು ಕೆಲಸ ಇದೆ, ಮೂರೂ ಪುಕ್ಕಟೆ. ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ. ಎಷ್ಟೋ ಮನೆಗಳಲ್ಲಿ ಅದು ಮದರ್‌ಬೋರ್ಡಿಗೆ ಚುಚ್ಚಿರುತ್ತೆ, ದುಬಾರಿ ಕಾರ್ಡ್ ಸುಮ್ಮನೆ ಕೂತಿರುತ್ತೆ. ಎರಡನೆಯದು, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಮಾನಿಟರ್‌ನ ರಿಫ್ರೆಶ್ ರೇಟ್ ನೋಡಿ. 144 ಹರ್ಟ್ಸ್ ಮಾನಿಟರ್ ಕೊಂಡು 60ರಲ್ಲೇ ಓಡಿಸುವವರಿದ್ದಾರೆ. ಮೂರನೆಯದು, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಅದಿಲ್ಲದಿದ್ದರೆ ರ‍್ಯಾಮ್ ಡಬ್ಬದ ಮೇಲೆ ಬರೆದ ವೇಗಕ್ಕೆ ಸಾಮಾನ್ಯವಾಗಿ ಹೋಗೋದೇ ಇಲ್ಲ.

ಹದಿನೈದು ದಿನ ಕಳೆದು ಡ್ರೈವರ್ ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿದರು. ಹನ್ನೆರಡು ಸೆಕೆಂಡು. ಮಳೆಯಲ್ಲಿ ಒಂದು ಕಾರು, ಒಳಗೆ ಸ್ಟೀರಿಂಗ್ ಹಿಡಿದ ಒಬ್ಬ ಮನುಷ್ಯ, ಗಾಜಿನ ಮೇಲೆ ವೈಪರ್ ಆಡುತ್ತಿದೆ. "ರಾತ್ರಿಯಿಡೀ ಬೇಡವಂತೆ ಸರ್, ಊಟ ಮಾಡಿ ಬರೋದ್ರೊಳಗೆ ಮುಗೀತಂತೆ" ಅಂದರು. "ಆ ಕಾರಲ್ಲಿರೋದು ನಾನಂತೆ." ಸಿಗ್ನಲ್ ಹಸಿರಾಗಿತ್ತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಅವರಿಗೆ ಕೇಳಿಸಲೇ ಇಲ್ಲ.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಕಾಗದ ತಗೊಂಡು ಬರೆಯಿರಿ: ಈ ಕಂಪ್ಯೂಟರ್‌ನಲ್ಲಿ ಯಾರು ಕೂರ್ತಾರೆ, ಯಾವ ತಂತ್ರಾಂಶ ಬಳಸ್ತಾರೆ, ಯಾವ ಗೇಮ್ ಆಡ್ತಾರೆ, ಎಷ್ಟು ವರ್ಷ ಬಾಳಬೇಕು. "ಟಾಪ್ ಯಾವುದಿದೆ ಕೊಡಿ" ಅಂತ ಮಾತ್ರ ಕೇಳಬೇಡಿ. ನಿಮ್ಮ ದುಡ್ಡಿಗೆ ಬೆವರಿನ ವಾಸನೆ ಇದೆ. ಅದು ಎಲ್ಲಿ ಹೋಗಿ ಕೂರುತ್ತೆ ಅನ್ನುವುದನ್ನು ನೀವೇ ನೋಡಿ.