ಗಂಡಸಿಗೂ ಒಂದು ಇಂಜೆಕ್ಷನ್

ಕುಡಿಯುವ ನೀರಿನ ಪೈಪಿನ ಒಳಮೈಗೆ ಪಾಲಿಮರ್ ಬಳಿದು ರೋಗಾಣುಗಳನ್ನು ಕೊಲ್ಲಬಹುದೇ? ಎಪ್ಪತ್ತರ ದಶಕದಲ್ಲಿ ವಿಜ್ಞಾನಿ ಸುಜಯ್ ಗುಹಾ ಈ ಪ್ರಶ್ನೆಯ ಬೆನ್ನು ಹತ್ತಿದ್ದರು. ದೇಶಕ್ಕೆ ಆಗ ಜನಸಂಖ್ಯೆಯ ಚಿಂತೆ. ಗುಹಾ ಅವರ ಗಮನ ಬೇರೊಂದು ನಾಳದತ್ತ, ಪುರುಷರ ವೀರ್ಯನಾಳದತ್ತ ಹೊರಳಿತು. 1979ರಲ್ಲಿ ಅವರ ಮೊದಲ ಪ್ರಬಂಧ ಪ್ರಕಟವಾಯಿತು.

ಅಲ್ಲಿಂದ ಹುಟ್ಟಿದ 'ರಿಸಗ್' ಎಂಬ ಗರ್ಭನಿರೋಧಕ ಔಷಧದಲ್ಲಿ ಹಾರ್ಮೋನಿನ ಸೋಂಕಿಲ್ಲ. ಚುಚ್ಚುವ ಜಾಗವನ್ನಷ್ಟೇ ಮರಗಟ್ಟಿಸಿ, ವೀರ್ಯನಾಳವನ್ನು ಚರ್ಮದಾಚೆಗೆ ತುಸು ಎಳೆದು, ಒಳಕ್ಕೆ ಪಾಲಿಮರ್ ದ್ರಾವಣವನ್ನು ಚುಚ್ಚುತ್ತಾರೆ. ಎರಡೂ ಕಡೆ ಒಂದೊಂದು ಇಂಜೆಕ್ಷನ್. ದ್ರಾವಣ ನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ಅದನ್ನು ಹಾದುಹೋಗುವ ವೀರ್ಯಾಣುವಿನ ಹೊರಪೊರೆ ಹಾಳಾಗಿ, ಅಂಡಾಣುವನ್ನು ಫಲಗೊಳಿಸುವ ಶಕ್ತಿ ಕುಂದುತ್ತದೆ. ನಾಳವನ್ನು ಕತ್ತರಿಸುವ ಮಾತೇ ಇಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 303 ವಿವಾಹಿತ ಪುರುಷರ ಮೇಲೆ ನಡೆಸಿದ ಮೂರನೇ ಹಂತದ ಪ್ರಯೋಗದ ಫಲಿತಾಂಶ 2023ರಲ್ಲಿ ಹೊರಬಂತು. ಗರ್ಭಧಾರಣೆ ತಡೆಯುವಲ್ಲಿ ಶೇ 99ರಷ್ಟು ಯಶಸ್ಸು, ಗಂಭೀರ ಅಡ್ಡಪರಿಣಾಮ ಇಲ್ಲ. ಅಷ್ಟು ಹೊತ್ತಿಗೆ ಗುಹಾ ಎಂಬತ್ತು ದಾಟಿದ್ದರು.

ಒಂದು ತೊಡಕು ಮಾತ್ರ ಉಳಿದಿದೆ. ಮತ್ತೆ ಮಗು ಬೇಕೆನಿಸಿದರೆ? ಪ್ರಾಣಿಗಳಲ್ಲಿ ಅಡುಗೆ ಸೋಡಾದ ದ್ರಾವಣದಿಂದಲೇ ನಾಳ ತೊಳೆದು ಫಲವಂತಿಕೆ ಮರಳಿಸಿದ್ದಾರೆ. ಮನುಷ್ಯರಲ್ಲಿ ಅದು ಸಾಬೀತಾಗಬೇಕು.

ಹಾರ್ಮೋನ್ ದಾರಿಯ ಕಥೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಲ್ಲಿ 320 ಪುರುಷರಿಗೆ ಕೊಡುತ್ತಿದ್ದ ಇಂಜೆಕ್ಷನ್ ಪ್ರಯೋಗ 2011ರಲ್ಲಿ ನಿಂತಿತು. ಪರಿಣಾಮಕ್ಕೇನೂ ಕೊರತೆ ಇರಲಿಲ್ಲ. ಖಿನ್ನತೆ, ಮನಸ್ಸಿನ ಏರುಪೇರಿನ ದೂರುಗಳು ಬಂದವು. ನಿಲ್ಲಿಸಿದ್ದು ಸರಿಯೇ, ಆದರೆ ಗುಳಿಗೆ ನುಂಗುವ ಹೆಂಗಸರು 1960ರಿಂದ ಇಂಥದ್ದೇ ದೂರು ಹೇಳುತ್ತ ಬಂದಿದ್ದಾರಲ್ಲ!

ಅವರ ಪಾಲಿಗೂ ದೇಶದಲ್ಲೇ ಒಂದು ಒಳ್ಳೆಯ ಗುಳಿಗೆ ಹುಟ್ಟಿದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಸ್ಟೀರಾಯ್ಡ್ ಇಲ್ಲದ 'ಸಹೇಲಿ' 1991ರಲ್ಲಿ ಮಾರುಕಟ್ಟೆಗೆ ಬಂತು. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದೇ ಗುಳಿಗೆ 'ಛಾಯಾ' ಹೆಸರಿನಲ್ಲಿ ಉಚಿತ.

ಆದರೂ ನಮ್ಮಲ್ಲಿ ಕುಟುಂಬ ಯೋಜನೆ ಎಂದರೆ ಹೆಂಗಸರ ಆಪರೇಷನ್. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ 57ರಷ್ಟು ಮಂದಿ ಅದನ್ನು ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಯ ಆಸುಪಾಸು. ಮಕ್ಕಳು ಸಾಕೆಂದುಕೊಂಡ ಗಂಡಸರು ರಿಸಗ್‌ಗಾಗಿ ಕಾಯಬೇಕಿಲ್ಲ. ಹೊಲಿಗೆಯಿಲ್ಲದ ವ್ಯಾಸೆಕ್ಟಮಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈಗಲೂ ಉಚಿತ, ಮಾಡಿಸಿಕೊಂಡವರು ಅದೇ ದಿನ ಮನೆಗೆ ಹೋಗಬಹುದು.