ಕಿತ್ತೂರಿನ ದತ್ತಕವೂ ಜಪಾನಿನ ಸಾಮುರಾಯಿಗಳೂ

ದತ್ತಕವನ್ನು ನಾವು ಸಾಮಾನ್ಯವಾಗಿ ಒಂದು ಮನೆಯೊಳಗಿನ ಕಾರ್ಯವೆಂದು ಎಣಿಸುತ್ತೇವೆ. ಮಕ್ಕಳಿಲ್ಲದವರು ಮನೆತನದ ಹೆಸರು ಉಳಿಯಲೆಂದು ಬಂಧುಗಳ ಮಗನೊಬ್ಬನನ್ನು ತಂದುಕೊಳ್ಳುವರು; ಊರವರಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಭೂಮಿಯನ್ನು ಕೊಟ್ಟು ಸೇವೆಯನ್ನು ಪಡೆಯುವ ರಾಜ್ಯಪದ್ಧತಿಯಲ್ಲಿ ಹಾಗಲ್ಲ. ಅಲ್ಲಿ ಒಡೆಯನ ಮನೆಯ ತೊಟ್ಟಿಲು ಬರಿದಾದರೆ ನೂರಾರು ಮನೆಗಳ ಒಲೆಗಳಿಗೆ ಆಪತ್ತು ಒದಗುತ್ತದೆ. ಈ ಮಾತನ್ನು ನಮ್ಮ ಕಿತ್ತೂರಿನಿಂದಲೂ ದೂರದ ಜಪಾನಿನಿಂದಲೂ ವಿಚಾರಿಸಿ ನೋಡೋಣ.

ಮೊದಲು ಜಪಾನನ್ನು ತೆಗೆದುಕೊಳ್ಳೋಣ. ಅಲ್ಲಿಯ ಚಕ್ರವರ್ತಿಯು ಸೂರ್ಯದೇವಿಯ ವಂಶದವನೆಂದು ಪೂಜ್ಯನಾಗಿದ್ದನು. ಆದರೆ 1192ರಲ್ಲಿ ಮಿನಮೊತೊ ಯೊರಿತೊಮೊ ಎಂಬವನು ಷೋಗನ್ ಪದವಿಯನ್ನು ಪಡೆದಂದಿನಿಂದ ಆಳುವ ಬಲವು ಬಹುಮಟ್ಟಿಗೆ ಯೋಧರ ಕೈಸೇರಿತು. ಷೋಗನ್ನನ ಕೆಳಗೆ ಪ್ರಾಂತಗಳ ಒಡೆಯರು, ಅವರ ಕೆಳಗೆ ಸಾಮುರಾಯಿಗಳು. ಒಡೆಯನು ಕೊಟ್ಟ ಭೂಮಿಗೆ ಪ್ರತಿಯಾಗಿ ಪ್ರಾಣವನ್ನಾದರೂ ಒಪ್ಪಿಸಬೇಕೆಂಬುದು ಅವರ ಧರ್ಮ. ಪಿತೃಪೂಜೆ ನಿಲ್ಲಬಾರದು, ಮನೆತನ ಅಳಿಯಬಾರದು ಎಂಬ ಭಾವನೆಯಿಂದ ಅವರಲ್ಲಿ ದತ್ತಕವು ಬಹಳ ಬಳಕೆಯಲ್ಲಿತ್ತು. ನಮ್ಮ ಮನೆಯಳಿಯನಂತೆ ಅಳಿಯನನ್ನೇ ಮಗನನ್ನಾಗಿ ಮಾಡಿಕೊಳ್ಳುವುದೂ ಉಂಟು.

1603ರಲ್ಲಿ ತೊಕುಗವ ಮನೆತನವು ಅಧಿಕಾರಕ್ಕೆ ಬಂದ ಮೇಲೆ, ಒಡೆಯನು ಮರಣಶಯ್ಯೆಯಲ್ಲಿ ಮಾಡಿಕೊಂಡ ದತ್ತಕವು ಸಲ್ಲದೆಂಬ ನಿಯಮವು ಬಿಗಿಯಾಗಿ ನಡೆಯಿತು. ಮಕ್ಕಳಿಲ್ಲದೆ ಸತ್ತ ಒಡೆಯನ ಸೀಮೆಯನ್ನು ಷೋಗನ್ನನೇ ಕಿತ್ತುಕೊಳ್ಳುವನು. ಆಗ ಅವನ ಸಾಮುರಾಯಿಗಳೆಲ್ಲ ಒಡೆಯನಿಲ್ಲದ ಅಲೆಮಾರಿಗಳಾಗುವರು. ಅವರಿಗೆ ರೋನಿನ್ನರೆಂದು ಹೆಸರು. ಇಂಥವರ ಸಂಖ್ಯೆ ಬೆಳೆದು 1651ರಲ್ಲಿ ರಾಜಧಾನಿಯಲ್ಲಿಯೇ ಒಂದು ಒಳಸಂಚು ಹುಟ್ಟಿತು. ಸಂಚು ಮುರಿಯಿತು, ಆದರೆ ಸರ್ಕಾರವು ಪಾಠವನ್ನು ಕಲಿಯಿತು. ಅದೇ ವರ್ಷ, ಐವತ್ತು ವಯಸ್ಸಿನೊಳಗಿನ ಒಡೆಯರು ಸಾಯುವ ಕಾಲದಲ್ಲಿ ಮಾಡಿಕೊಂಡ ದತ್ತಕಕ್ಕೆ ಅವಕಾಶವಾಯಿತು.

ಇನ್ನು ಕಿತ್ತೂರು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅವನು ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡನೆಂಬ ಕಾಗದವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ನಂಬಲಿಲ್ಲ. ಸಂಸ್ಥಾನದ ಭಂಡಾರಕ್ಕೆ ಮುದ್ರೆ ಹಾಕಿಸಿದನು. ಮಲ್ಲಸರ್ಜನ ಪತ್ನಿ ಚೆನ್ನಮ್ಮರಾಣಿಯು ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವನ್ನು ಬಿಟ್ಟಳು.

ಕಥೆ ಇಲ್ಲಿಗೇ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಕಿತ್ತೂರಿನ ಬಲವು ಶೇತಸನದಿಗಳಲ್ಲಿತ್ತು. ಇವರು ಇನಾಮು ಹೊಲವನ್ನು ಉತ್ತು, ಕರೆ ಬಂದಾಗ ಆಯುಧ ಹಿಡಿಯುವ ಹಳ್ಳಿಗರು. ಸಂಸ್ಥಾನ ಹೋದ ಮೇಲೆ ಅವರ ಹೊಲಗಳಿಗೂ ಕುತ್ತು ಬಂದಿತು; ಜಪ್ತಿಯಾದವು ಕೆಲವು, ಕಂದಾಯದ ಭಾರ ಬಿದ್ದವು ಕೆಲವು. ಸಂಗೊಳ್ಳಿಯ ರಾಯಣ್ಣನು ಅಂಥ ಶೇತಸನದಿಗಳಲ್ಲೊಬ್ಬನು. ಅವನು ಶಿವಲಿಂಗಪ್ಪನನ್ನೇ ಗಾದಿಗೆ ತರಬೇಕೆಂದು 1829-30ರಲ್ಲಿ ದಂಗೆಯೆದ್ದು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಜಪಾನಿನ ಸಾಮುರಾಯಿಗಳು ಆ ವೇಳೆಗೆ ಬಹುಮಟ್ಟಿಗೆ ಕೋಟೆಪಟ್ಟಣಗಳಲ್ಲಿ ನೆಲೆಸಿ ಅಕ್ಕಿಯ ಸಂಬಳವನ್ನು ತಿನ್ನುತ್ತಿದ್ದುದರಿಂದ, ಒಡೆಯನು ಹೋದರೆ ನೆಲೆತಪ್ಪಿ ಅಲೆದರು. ನಮ್ಮ ಶೇತಸನದಿಯಾದರೋ ಹೊಲದಲ್ಲಿಯೇ ಬೇರೂರಿದ್ದವನು. ಆದುದರಿಂದಲೇ ರಾಯಣ್ಣನಿಗೆ ಹಳ್ಳಿಹಳ್ಳಿಯಲ್ಲಿಯೂ ಅನ್ನವೂ ಆಸರೆಯೂ ದೊರೆತವು.

ಷೋಗನ್ನನ ಸರ್ಕಾರವು 1651ರಲ್ಲಿ ಕಲಿತುದನ್ನು ಕಂಪೆನಿಯು ಕಿತ್ತೂರಿನಿಂದ ಕಲಿಯಲಿಲ್ಲ. ದತ್ತಕವನ್ನು ನಿರಾಕರಿಸಿದುದರಿಂದ ನೊಂದ ನರಗುಂದದ ಬಾಬಾಸಾಹೇಬನು 1858ರಲ್ಲಿ ತಿರುಗಿಬಿದ್ದನು. ರಾಮದುರ್ಗದ ಸಮೀಪದ ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ಕೊಲೆಯಾಯಿತು. ಇಷ್ಟು ರಕ್ತ ಹರಿದ ಬಳಿಕ, 1862ರಲ್ಲಿ ದೇಶದ ಅನೇಕ ಸಂಸ್ಥಾನಿಕರಿಗೆ ದತ್ತಕದ ಸನದುಗಳು ದೊರೆತವು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ತೆಗೆದುಕೊಂಡ ದತ್ತುಪುತ್ರನಿಗೆ ಮನ್ನಣೆ ದೊರೆತು, 1881ರಲ್ಲಿ ಆತನ ಕೈಗೆ ರಾಜ್ಯವು ಮರಳಿತು.

ಚೆನ್ನಮ್ಮರಾಣಿಯು ಕೇಳಿದ್ದು ಇದನ್ನೇ. ಬೈಲಹೊಂಗಲದಲ್ಲಿ ಆಕೆಯ ಸಮಾಧಿಯ ಮುಂದೆ ನಿಂತಾಗ, ಆಕೆ ತನ್ನ ಮನೆಯ ಗಾದಿಗಾಗಿ ಮಾತ್ರ ಹೋರಾಡಿದಳೆಂದು ನಾವು ತಿಳಿಯದಿರೋಣ. ಆ ಗಾದಿಯ ನೆರಳಿನಲ್ಲಿ ಉಳುವವರ ಹೊಲಗಳೂ ಇದ್ದವು.